ಕ್ಯಾಪ್ಟನ್ ಅಣ್ಣನ ಬಯೋಡಾಟಾ



ಗಲ್ಲೆಯಲ್ಲಿ ಕೂತವರ ಕೈಗೆ ತಿಂಗಳಿಗೆ ಹತ್ತಾರು ಬಯೋಡಾಟಾ ಬರುತ್ತವೆ. ಓದುವವರು ಯಾರು? ನಾವಂತೂ ಓದಿದವರಲ್ಲ. ಊರು ಯಾವುದು, ಯಾರು ಕಳಿಸಿದ್ದು, ಮೊದಲು ಯಾವ ಹೋಟೆಲಿನಲ್ಲಿದ್ದೆ ಎಂದು ಮೂರು ಪ್ರಶ್ನೆ ಕೇಳಿದರೆ ನಮ್ಮ ಇಂಟರ್‌ವ್ಯೂ ಮುಗಿಯಿತು. ಕಾಗದ ಡ್ರಾವರಿಗೆ ಹೋಗುತ್ತದೆ, ನಾಳೆ ಅದರ ಬೆನ್ನ ಮೇಲೆ ತರಕಾರಿ ಲೆಕ್ಕ. ಹೀಗಿದ್ದ ನಮಗೆ 2023ರಲ್ಲಿ ಒಂದು ಬಯೋಡಾಟಾ ಬರೆಯಲು ಎಂಟು ದಿನ ಕೂರಬೇಕಾಯಿತು.

ನಮ್ಮ ಹೋಟೆಲು ಇದ್ದದ್ದು ಘಾಟ್ಕೋಪರಿನ ಹಳೇ ಕಟ್ಟಡದಲ್ಲಿ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸ ಜಾಗ ಕೈಗೆ ಬರಲು ಮೂರು ವರ್ಷವೋ ನಾಲ್ಕೋ. ಹುಡುಗರು ಪ್ರಾಯದವರು, ಅಲ್ಲಿ ಇಲ್ಲಿ ಸೇರಿಕೊಂಡರು. ಉಳಿದದ್ದು ಕ್ಯಾಪ್ಟನ್ ಅಣ್ಣ. 1996ರಲ್ಲಿ ಕುಂದಾಪುರ ಕಡೆಯಿಂದ ಬಂದು ಕ್ಲೀನರ್ ಆಗಿ ಸೇರಿದವರು. ಮತ್ತೆ ಸಪ್ಲೈಯರ್, 2008ರಿಂದ ಕ್ಯಾಪ್ಟನ್. ಪ್ರಾಯ ನಲವತ್ತೈದು ಆಗಿತ್ತು. ಊರಲ್ಲಿ ಮನೆ ಸಾಲ, ಮಗಳು ಪಿ.ಯು.ಸಿ. "ಧಣಿ, ನಮ್ಮಂಥವರನ್ನು ಈಗ ಯಾರು ತಕ್ಕೊಳ್ತಾರೆ?" ಎಂದು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಅವರು ಸೈಬರ್ ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಒಂದು ಬಯೋಡಾಟಾ ಮಾಡಿಸಿದ್ದರು. ಎರಡು ಪುಟ. ತಂದೆ ಹೆಸರು, ಧರ್ಮ, ಎತ್ತರ, ತೂಕ ಎಲ್ಲ ಇತ್ತು. ಹವ್ಯಾಸ: ಪುಸ್ತಕ ಓದುವುದು, ಪ್ರವಾಸ. ಮೇಲೆ 'ಗುರಿ' ಎಂದು ನಾಲ್ಕು ಸಾಲು ಇಂಗ್ಲಿಷ್. ಯಾರೋ ಇಂಜಿನಿಯರಿಂಗ್ ಹುಡುಗನದ್ದನ್ನು ಹಾಗೇ ಅಂಟಿಸಿದ್ದ, ಅದರಲ್ಲಿ ಸಾಫ್ಟ್‌ವೇರ್ ಎಂಬ ಶಬ್ದವೂ ಇತ್ತು! ಇಪ್ಪತ್ತೇಳು ವರ್ಷದ ಕೆಲಸಕ್ಕೆ ಸಿಕ್ಕಿದ್ದು ಒಂದೇ ಸಾಲು, 'ಹೋಟೆಲಿನಲ್ಲಿ ಅನುಭವ ಇದೆ'.

ನಮ್ಮ ಮಗಳು ಅದನ್ನು ನೋಡಿ ನಕ್ಕಳು. ಮತ್ತೆ ಒಳಗೆ ಹೋಗಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದಳು. ಕಾಲೇಜಿನಲ್ಲಿರುವಾಗ ಫೌಂಟನ್ ಫುಟ್‌ಪಾತಿನಲ್ಲಿ ಕೊಂಡದ್ದಂತೆ. 'ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?' ಎಂದು ಹೆಸರು. ಬರೆದವರು ರಿಚರ್ಡ್ ಬೋಲ್ಸ್ ಎಂಬ ಅಮೇರಿಕದ ಪಾದ್ರಿ. ಬಜೆಟ್ ಸಾಲದೆ ಇಗರ್ಜಿಯವರು ಅವರನ್ನೇ ಕೆಲಸದಿಂದ ತೆಗೆದಿದ್ದರು. 1970ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ, ಆಮೇಲೆ ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು. 2017ರಲ್ಲಿ ತೀರಿಕೊಂಡರು. ನಾವು ಕಲಿತದ್ದು ಹತ್ತನೇ ಕ್ಲಾಸು, ಅದೂ ನೈಟ್ ಸ್ಕೂಲಿನಲ್ಲಿ. ಮಗಳು ಓದಿ ಹೇಳಬೇಕು, ನಾವಿಬ್ಬರು ಕೇಳಬೇಕು. ಸಾಮಾನು ಸಾಗಿಸಿದ ಮೇಲೆ ಉಳಿದಿದ್ದ ಒಂದೇ ಟೇಬಲ್, ಮಧ್ಯಾಹ್ನ ಮೂರರಿಂದ ಐದು.

ಅದರಲ್ಲಿ ಒಂದು ಮಾತು ನಮಗೆ ನೇರ ತಾಗಿತು. ಕೆಲಸ ಕೊಡುವವನು ಮೊದಲು ತನ್ನ ಒಳಗಿನವರನ್ನೇ ನೋಡುತ್ತಾನೆ, ಆಮೇಲೆ ಗುರ್ತದವರು ಹೇಳಿದವರನ್ನು, ಬಯೋಡಾಟಾ ಕಟ್ಟೆಲ್ಲ ಕೊನೆಗೆ. ಕೆಲಸ ಹುಡುಕುವವನು ಸರಿಯಾಗಿ ಅದರ ಉಲ್ಟಾ ಹೋಗುತ್ತಾನೆ. ಅಮೇರಿಕದಲ್ಲಿ ಕೂತ ಪಾದ್ರಿಗೆ ನಮ್ಮ ಗಲ್ಲೆಯ ಸಂಗತಿ ಹೇಗೆ ಗೊತ್ತಾಯಿತೋ!

ಇನ್ನೊಂದು, ಏಳು ಕಥೆ. ನೀನು ಮಾಡಿದ, ನಿನಗೆ ಖುಷಿ ಕೊಟ್ಟ ಏಳು ಕೆಲಸಗಳ ಕಥೆ ಬರೆ, ಅದರೊಳಗಿನ ಜಾಣ್ಮೆ ಯಾವುದೆಂದು ಹೆಕ್ಕು ಎನ್ನುತ್ತದೆ ಪುಸ್ತಕ. ಕ್ಯಾಪ್ಟನ್ ಅಣ್ಣ ಮೊದಲ ದಿನ ಬಾಯಿ ಬಿಡಲಿಲ್ಲ. "ತಿಂಡಿ ಕೊಟ್ಟೆವು, ಬಿಲ್ಲು ಕೊಟ್ಟೆವು, ಇದರಲ್ಲಿ ಕಥೆ ಎಂಥದ್ದು?" ಎಂದರು. ನಾವೇ 2005ರ ಜುಲೈ 26 ನೆನಪು ಮಾಡಿದೆವು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ, ರೈಲು ಬಂದ್. ನಾವು ಆ ದಿನ ದಾದರಿನಲ್ಲಿ ಸಿಕ್ಕಿಬಿದ್ದಿದ್ದೆವು, ಫೋನು ಹತ್ತಲಿಲ್ಲ. ಕರೆಂಟಿಲ್ಲದೆ ಗ್ರೈಂಡರ್ ನಿಂತಿತು. ಸಪ್ಲೈಯರ್ ಆಗಿದ್ದ ಇವರು ಭಟ್ಟರನ್ನು ಎಬ್ಬಿಸಿ ಇದ್ದ ರವೆಯಲ್ಲಿ ಉಪ್ಪಿಟ್ಟು ಮಾಡಿಸಿದರು, ಮಕ್ಕಳಿರುವವರಿಗೆ ಮೊದಲು ಕೊಟ್ಟರು, ಮಹಡಿಯಲ್ಲಿ ಅರುವತ್ತು ಜನರನ್ನು ಮಲಗಿಸಿದರು. ಬೆಳಿಗ್ಗೆ ನಾವು ನಡೆದು ಬಂದಾಗ ಗಲ್ಲೆಯ ಚಿಲ್ಲರೆ ಸಹ ಎಣಿಸಿ ಕೊಟ್ಟರು. ಆ ದಿನ ನಾವು "ಒಳ್ಳೇದಾಯ್ತು" ಎಂದಷ್ಟೇ ಹೇಳಿದ್ದೆವು. ಇಂಥದ್ದು ಬಯೋಡಾಟಾದಲ್ಲಿ ಇಲ್ಲದಿದ್ದರೆ ಮತ್ತೆ ಯಾವುದು ಇರಬೇಕು?

ಆಮೇಲೆ ಒಂದೊಂದೇ ಹೊರಬಂದವು. ದಿನಕ್ಕೆ ಎಷ್ಟು ದೋಸೆ ಹೋಯಿತು, ಮಳೆಯೋ ರಜೆಯೋ ಎಂದು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ನಾಳೆಗೆ ಅಕ್ಕಿ ಎಷ್ಟು ನೆನೆಹಾಕಬೇಕೆಂದು ಭಟ್ಟರಿಗೆ ಹೇಳುತ್ತಿದ್ದರಂತೆ. ಉಳಿಯುವ ಹಿಟ್ಟು ಎರಡು ಬಾಲ್ದಿಯಿಂದ ಅರ್ಧಕ್ಕೆ ಇಳಿದದ್ದು ನಮಗೆ ಗೊತ್ತಿತ್ತು, ಇಳಿಸಿದ್ದು ಯಾರೆಂದು ಗೊತ್ತಿರಲಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಗಿರಾಕಿಗಳ ಸಾಲ ಬರೆದ ಪುಸ್ತಕ ಇವರದ್ದೇ, ಇಬ್ಬರು ಬಿಟ್ಟು ಎಲ್ಲರದ್ದೂ ವಸೂಲಾಯಿತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಲಾಗದ ಒಂಬತ್ತು ಹುಡುಗರನ್ನು ಇಟ್ಟುಕೊಂಡು ಪೊಟ್ಟಣ ಊಟ ಕಟ್ಟಿಸಿದರು. ಏಳು ಆಗಲಿಲ್ಲ, ಐದಕ್ಕೆ ನಿಂತಿತು. ಸಾಕು ಎಂದಳು ಮಗಳು.

'ಅನುಭವ ಇದೆ' ಎಂಬ ಸಾಲು ಹೋಗಿ 'ದಿನಕ್ಕೆ ಸುಮಾರು 900 ಗಿರಾಕಿಗಳು, ಎರಡು ಪಾಳಿಯಲ್ಲಿ 14 ಸಪ್ಲೈಯರುಗಳ ಮೇಲ್ವಿಚಾರಣೆ' ಎಂದಾಯಿತು. ಎತ್ತರ, ತೂಕ, ಧರ್ಮ ತೆಗೆದೆವು. ಪ್ರಾಯವನ್ನೂ ಫೋಟೋವನ್ನೂ ಹಾಕಬೇಡಿ ಎಂದಳು ಮಗಳು, ಅಮೇರಿಕದಲ್ಲಿ ಹಾಕುವುದಿಲ್ಲವಂತೆ. ನಾವು ಒಪ್ಪಲಿಲ್ಲ. ನಮ್ಮಲ್ಲಿ ಫೋಟೋ ಇಲ್ಲದಿದ್ದರೆ ಏನೋ ಮುಚ್ಚಿಡುತ್ತಾನೆ ಎನ್ನುತ್ತಾರೆ. ಕನ್ನಡ, ತುಳು, ಹಿಂದಿ, ಮರಾಠಿ, ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷ್ ಎಂದು ಭಾಷೆಗಳನ್ನು ಮೇಲೆಯೇ ಹಾಕಿಸಿದೆವು. ಎಲ್ಲ ಸೇರಿ ಒಂದೇ ಪುಟ.

ಪೇಚು ಬಂದದ್ದು ದಾಖಲೆಯಲ್ಲಿ. ನಮ್ಮಲ್ಲಿ ಕೆಲಸಗಾರರು 20 ದಾಟಿ ಪಿ.ಎಫ್. ಸುರುವಾದದ್ದು 2012ರಲ್ಲಿ. ಆ ಮೇಲಿನದ್ದೆಲ್ಲ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಇದೆ. ಅದರ ಹಿಂದಿನ ಹದಿನಾರು ವರ್ಷಕ್ಕೆ ಒಂದು ಚೀಟಿಯೂ ಇಲ್ಲ. 2011ರಲ್ಲಿ ಬ್ಯಾಂಕ್ ಸಾಲಕ್ಕೆಂದು ಇವರು ಒಂದು ಲೆಟರ್ ಕೇಳಿದ್ದರು. "ಯಾಕೆ, ಬಿಟ್ಟು ಹೋಗುವ ಅಂದಾಜುಂಟಾ?" ಎಂದು ನಾವು ಕೊಡಲಿಲ್ಲ. ಅದನ್ನು ಅವರು ಈಗ ಎತ್ತಲಿಲ್ಲ, ನಮಗೇ ನೆನಪಾಯಿತು. ಎಫ್.ಎಸ್.ಎಸ್.ಎ.ಐ.ಯವರ ಫಾಸ್ಟ್ಯಾಕ್ ತರಬೇತಿಯನ್ನು ಇವರು 2019ರಲ್ಲಿ ಮಾಡಿದ್ದರು. 25 ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕೆಂಬ ಲೆಕ್ಕಕ್ಕೆ ನಾವೇ ಕಳಿಸಿದ್ದು. ಆ ಸರ್ಟಿಫಿಕೇಟ್ ಎಲ್ಲಿ? ಇಳಿಸಿಟ್ಟ ಗಣಪತಿ ಫೋಟೋದ ಹಿಂದೆ, ನಮ್ಮ ಲೈಸೆನ್ಸಿನ ಒಟ್ಟಿಗೆ ಕಟ್ಟು ಹಾಕಿಸಿತ್ತು. ಅವರ ಹೆಸರಿನ ಕಾಗದ, ನಮ್ಮ ಗೋಡೆಯಲ್ಲಿ.

ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ ಬರೆದೆವು. ಸೇರಿದ ದಿನ, ಯಾವ ವರ್ಷ ಯಾವ ಹುದ್ದೆ, ಕೊನೆಯ ಸಂಬಳ, ಹೋಟೆಲು ಮುಚ್ಚಿದ ಕಾರಣಕ್ಕೆ ಬಿಟ್ಟದ್ದು, ವಿಚಾರಿಸಬೇಕಾದರೆ ನಮ್ಮ ಫೋನ್ ನಂಬರ್. ಮೂರು ಸಲ ಹರಿದು ನಾಲ್ಕನೆಯದ್ದು ಸರಿಯಾಯಿತು.

ಮೊದಲು ಹೋದ ಕಡೆ ಹೋಟೆಲ್ ಮೇನೇಜ್‌ಮೆಂಟ್ ಡಿಪ್ಲೊಮಾ ಕೇಳಿ ವಾಪಸು ಕಳಿಸಿದರು. ಎರಡನೆಯದ್ದಕ್ಕೆ ಪುಸ್ತಕದ ಮಾತಿನಂತೆ ಗುರ್ತ ಹಿಡಿದೆವು. ಪುಣೆ ಚಾಕಣ ಕಡೆ ಕಾರ್ಖಾನೆ ಕ್ಯಾಂಟೀನ್ ನಡೆಸುವ ನಮ್ಮವರೊಬ್ಬರಿಗೆ ಫೋನ್ ಮಾಡಿ, ಕಾಗದ ಕಳಿಸಿದೆವು. ಅವರು ಕೇಳಿದ್ದು ಒಂದೇ: "ಆರುನೂರು ಊಟ ಒಂದೂವರೆ ಗಂಟೆಯಲ್ಲಿ ಆಗಬೇಕು, ಅನ್ನ ಎಷ್ಟು ಉಳಿಯುತ್ತದೆ ಅಂತ ಹೇಗೆ ಲೆಕ್ಕ ಹಿಡಿಯುತ್ತೀರಿ?" ಇವರು ಕ್ಯಾಲೆಂಡರಿನ ಕಥೆ ಹೇಳಿದರು. ಒಂದನೇ ತಾರೀಕಿಗೆ ಸೂಪರ್‌ವೈಸರ್ ಆಗಿ ಸೇರಿದರು, ಸಂಬಳ ನಾವು ಕೊಡುತ್ತಿದ್ದುದಕ್ಕಿಂತ ನಾಲ್ಕು ಸಾವಿರ ಹೆಚ್ಚು. ಇದನ್ನು ಬರೆಯಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕೆಂದು ಬಂದಿದೆ. ನಿಮ್ಮ ಅಕೌಂಟೆಂಟರನ್ನು ವಿಚಾರಿಸಿ. ಹಾಗೆಯೇ ಗೋಡೆಯ ಮೇಲೆ ಯಾರ್ಯಾರ ಸರ್ಟಿಫಿಕೇಟ್ ತೂಗುತ್ತಿದೆ ನೋಡಿ, ಒಂದೊಂದು ಜೆರಾಕ್ಸ್ ಮಾಡಿಸಿ ಅವರವರ ಕೈಗೆ ಕೊಡಿ. ಎರಡು ರೂಪಾಯಿ ಖರ್ಚು.

ಕ್ಯಾಪ್ಟನ್ ಅಣ್ಣ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅಲ್ಲಿನ ಹುಡುಗರಿಗೂ ಈಗ ಏಳು ಕಥೆ ಬರೆಸುತ್ತಿದ್ದಾರಂತೆ. ಪುಸ್ತಕ ಅವರ ಹತ್ತಿರವೇ ಇದೆ, ಮಗಳು ವಾಪಸು ಕೇಳುತ್ತಿದ್ದಾಳೆ.