ಅವಳಿ ಶಿಶುಗಳಿಗೆ ಯಂತ್ರದ ಕಾವಲು

ಮಲಗಿರುವ ಹಸುಗೂಸಿನ ಮೂಗಿನ ಬಳಿ ಬೆರಳನ್ನು ಹಿಡಿದು, ಅದು ಉಸಿರಾಡುತ್ತಿದೆಯೇ ಎಂದು ಒಮ್ಮೆಯಾದರೂ ಪರೀಕ್ಷಿಸದ ತಾಯಿ ಇರಲಾರಳು. ಮನೆಗೆ ಅವಳಿ ಮಕ್ಕಳು ಬಂದರಂತೂ ಈ ಕಳವಳ ಇಮ್ಮಡಿಯಾಗುತ್ತದೆ. ಅವಳಿಗಳಲ್ಲಿ ಅನೇಕರು ದಿನ ತುಂಬುವ ಮೊದಲೇ, ಕಡಮೆ ತೂಕದೊಡನೆ ಹುಟ್ಟುತ್ತಾರೆ. ಒಂದು ಮಗುವಿಗೆ ಹಾಲೂಡಿಸುತ್ತಿರುವಾಗ ಇನ್ನೊಂದು ಕಣ್ಣಿಗೆ ಮರೆಯಾಗಿರುತ್ತದೆ. ಇಂತಹ ಮನೆಗಳಿಗಾಗಿ ಶಿಶುವಿನ ಸದ್ದನ್ನು ದೂರಕ್ಕೆ ಕೇಳಿಸುವ ಮತ್ತು ಅದರ ಉಸಿರಾಟವನ್ನು ಗಮನಿಸುವ ಹಲವು ಬಗೆಯ ಯಂತ್ರಗಳು ಇಂದು ಪೇಟೆಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಎಷ್ಟು ಕೊಳ್ಳಬೇಕು?

ಇದು ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಉತ್ತರವಿರುವುದು ಪದಾರ್ಥವಿಜ್ಞಾನದಲ್ಲಿ. ಯಾವ ಉಪಕರಣವನ್ನೇ ಆಗಲಿ ಪರೀಕ್ಷಿಸುವಾಗ ನಾವು ಮೊದಲು ಕೇಳಬೇಕಾದುದು ಇಷ್ಟೇ: ಇದು ವಾಸ್ತವವಾಗಿ ಅಳೆಯುವುದು ಏನನ್ನು? ಹೆಸರಿನ ಚೀಟಿಯ ಮೇಲೆ ಬರೆದಿರುವುದನ್ನೇ ಅದು ಅಳೆಯುತ್ತಿದೆಯೆಂದು ಭಾವಿಸುವಂತಿಲ್ಲ.

ಸದ್ದನ್ನು ಕೇಳಿಸುವ ಯಂತ್ರ

1932ರಲ್ಲಿ ಅಮೆರಿಕದ ಪ್ರಸಿದ್ಧ ವಿಮಾನ ಚಾಲಕ ಲಿಂಡ್‌ಬರ್ಗ್‌ನ ಶಿಶುವನ್ನು ಮನೆಯಿಂದಲೇ ಅಪಹರಿಸಿ ಕೊಂದರು. ದೇಶವನ್ನೇ ತಲ್ಲಣಗೊಳಿಸಿದ ಈ ಘಟನೆಯ ತರುವಾಯ ಜೆನಿತ್ ಎಂಬ ರೇಡಿಯೋ ಸಂಸ್ಥೆಯವರು ‘ರೇಡಿಯೋ ನರ್ಸ್’ ಎಂಬ ಸಾಧನವನ್ನು ಹೊರತಂದರು. 1937ರಲ್ಲಿ ಅದಕ್ಕೆ ರೂಪ ಕೊಟ್ಟವನು ಇಸಾಮು ನೊಗುಚಿ ಎಂಬ ಶಿಲ್ಪಿ. ಶಿಶುವಿನ ಕೋಣೆಯ ಸದ್ದು ಮನೆಯ ವಿದ್ಯುತ್ ತಂತಿಗಳ ಮೂಲಕವೇ ಹರಿದು ಇನ್ನೊಂದು ಕೋಣೆಯಲ್ಲಿ ಕೇಳಿಬರುತ್ತಿತ್ತು. ಇಂದಿನ ಯಂತ್ರಗಳು ರೇಡಿಯೋ ತರಂಗಗಳನ್ನು ಬಳಸುತ್ತವೆ. ಹಳೆಯವುಗಳಲ್ಲಿ ಅನೇಕವು ಸುಮಾರು 49 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ, ಎಂದರೆ ಸುಮಾರು 6 ಮೀಟರ್ ತರಂಗಾಂತರದಲ್ಲಿ ಕೆಲಸ ಮಾಡುತ್ತಿದ್ದವು. ಈಗಿನವುಗಳಲ್ಲಿ ಹಲವು ಬಳಸುವುದು 2.4 ಗಿಗಾಹರ್ಟ್ಸ್, ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗಾಂತರ 12.5 ಸೆಂಟಿಮೀಟರ್ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.

ಒಂದೇ ಕೋಣೆಯಲ್ಲಿ ಎರಡು ಶಿಶುಗಳಿದ್ದರೆ ಎರಡು ಪ್ರೇಷಕಗಳು ಬೇಕೆ? ಬೇಡ. ಒಂದೇ ಧ್ವನಿಗ್ರಾಹಕ ಇಬ್ಬರ ಅಳುವನ್ನೂ ಕೇಳಿಸುತ್ತದೆ. ಯಾರ ಅಳು ಎಂಬುದನ್ನು ತಾಯಿ ಕೆಲವೇ ದಿನಗಳಲ್ಲಿ ಗುರುತಿಸಬಲ್ಲಳು. ಬೇರೆ ಬೇರೆ ಕೋಣೆಗಳಲ್ಲಿ ಮಲಗಿಸುವವರು ಮಾತ್ರ ಒಂದೇ ಗ್ರಾಹಕಕ್ಕೆ ಎರಡು ಪ್ರೇಷಕಗಳನ್ನು ಜೋಡಿಸಬಹುದಾದ ಯಂತ್ರವನ್ನು ಆರಿಸಬೇಕು. ಹಳೆಯ ಬಗೆಯ ಎರಡು ಬಿಡಿ ಯಂತ್ರಗಳನ್ನು ಒಂದೇ ಆವರ್ತಾಂಕದಲ್ಲಿ ಇಟ್ಟರೆ ಒಂದರ ಸಂಕೇತ ಇನ್ನೊಂದನ್ನು ಕೆಡಿಸುತ್ತದೆ.

ಇಲ್ಲಿ ಮುಖ್ಯವಾದ ಸಂಗತಿಯೊಂದುಂಟು. ಈ ಯಂತ್ರ ಅಳೆಯುವುದು ಸದ್ದನ್ನು, ಕ್ಷೇಮವನ್ನಲ್ಲ. ಗೊತ್ತಾದ ಮಟ್ಟಕ್ಕಿಂತ ಸಣ್ಣ ಸದ್ದನ್ನು ಅನೇಕ ಯಂತ್ರಗಳು ಕಳುಹಿಸುವುದೇ ಇಲ್ಲ. ನೆಮ್ಮದಿಯಿಂದ ನಿದ್ರಿಸುವ ಶಿಶುವೂ ನಿಶ್ಶಬ್ದ, ಉಸಿರು ನಿಂತ ಶಿಶುವೂ ನಿಶ್ಶಬ್ದ. ಅಳುವನ್ನು ತಿಳಿಸಲು ಇದು ಒಳ್ಳೆಯ ಸಾಧನ. ಮೌನದ ಅರ್ಥವನ್ನು ಇದು ಹೇಳಲಾರದು.

ಉಸಿರಿನ ಬದಲು ಅಲುಗಾಟ

ಎರಡನೆಯ ಬಗೆಯದು ಹಾಸಿಗೆಯ ಕೆಳಗಿಡುವ ಹಲಗೆ. ಕೆಲವು ಹರಳುಗಳನ್ನು ಅದುಮಿದಾಗ ಅವುಗಳ ಮೇಲೆ ವಿದ್ಯುತ್ತು ಕಾಣಿಸಿಕೊಳ್ಳುತ್ತದೆಂದು 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಕಂಡುಹಿಡಿದರು. ಇಂತಹ ಹಲಗೆಗಳಲ್ಲಿ ಅನೇಕವು ಈ ತತ್ತ್ವವನ್ನೇ ಅವಲಂಬಿಸಿವೆ. ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ. ಪ್ರತಿಯೊಂದು ಉಸಿರಿಗೂ ಹಾಸಿಗೆಯ ಮೇಲಿನ ಒತ್ತಡ ಅತ್ಯಲ್ಪವಾಗಿ ಬದಲಾಗುತ್ತದೆ. ಹಲಗೆ ಅದನ್ನು ಗ್ರಹಿಸುತ್ತದೆ. ಸುಮಾರು 20 ಸೆಕೆಂಡುಗಳವರೆಗೆ ಅಲುಗಾಟವೇ ಇಲ್ಲವಾದರೆ ಕರೆಗಂಟೆ ಬಾರಿಸುತ್ತದೆ.

ಆದರೆ ಅದು ಅಳೆದದ್ದು ಅಲುಗಾಟವನ್ನು, ಉಸಿರನ್ನಲ್ಲ. ಶಿಶುವಿನ ಗಂಟಲಿನ ದಾರಿ ಮುಚ್ಚಿಹೋದರೂ ಎದೆ ಮತ್ತು ಹೊಟ್ಟೆ ಕೆಲಕಾಲ ಹೋರಾಡುತ್ತಲೇ ಇರುತ್ತವೆ. ಗಾಳಿ ಒಳಕ್ಕೆ ಹೋಗದಿದ್ದರೂ ಯಂತ್ರಕ್ಕೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ಬೀಸಣಿಗೆಯ ಗಾಳಿ, ಮಂಚದ ಅಂಚಿನಲ್ಲಿ ಯಾರೋ ಕುಳಿತುದು, ಇವೂ ಯಂತ್ರಕ್ಕೆ ಉಸಿರಿನಂತೆ ತೋರಬಹುದು. ನಮ್ಮ ಮನೆಗಳ ತೂಗುತೊಟ್ಟಿಲಿಗೂ ಬಟ್ಟೆಯ ಜೋಲಿಗೂ ಈ ಹಲಗೆ ಸಲ್ಲದೆಂಬುದಕ್ಕೆ ಕಾರಣ ಇದೇ.

ಅವಳಿಗಳ ವಿಷಯದಲ್ಲಿ ಈ ದೋಷ ಅಪಾಯಕರವಾಗುತ್ತದೆ. ಇಬ್ಬರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ, ಒಂದು ಶಿಶುವಿನ ಉಸಿರು ನಿಂತರೂ ಇನ್ನೊಂದರ ಉಸಿರಿನಿಂದ ಹಾಸಿಗೆ ಕಂಪಿಸುತ್ತಲೇ ಇರುತ್ತದೆ. ಗಂಟೆ ಬಾರಿಸಬೇಕಾದ ಗಳಿಗೆಯಲ್ಲೇ ಯಂತ್ರ ಸುಮ್ಮನಿರುತ್ತದೆ. ಎರಡು ಹಲಗೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೂ ಕಂಪನ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಇದನ್ನು ತಡೆಯಲು ಒಂದಕ್ಕೊಂದು ತಾಗದ ಎರಡು ಮಂಚಗಳು ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿಯೂ ಅವಳಿಗಳನ್ನು ಬೇರೆ ಬೇರೆ ಹಾಸಿಗೆಗಳಲ್ಲಿ ಮಲಗಿಸುವುದೇ ಕ್ಷೇಮವೆಂದು ಹೇಳಿದೆ.

ಹಲಗೆಯ ತಂತಿಯನ್ನೂ ಮರೆಯುವಂತಿಲ್ಲ. ತಂತಿ ಶಿಶುವಿನ ಕೊರಳಿಗೆ ಸುತ್ತಿಕೊಂಡು ಎರಡು ಸಾವುಗಳಾದುದರಿಂದ 2013ರಲ್ಲಿ ಅಮೆರಿಕದಲ್ಲಿ ಸುಮಾರು 6 ಲಕ್ಷ ಯಂತ್ರಗಳ ಬಗೆಗೆ ಸರ್ಕಾರದ ಎಚ್ಚರಿಕೆ ಹೊರಟಿತು. ತಂತಿ ಯಾವುದೇ ಆಗಲಿ, ಮಗುವಿನಿಂದ 3 ಅಡಿಗಳಾದರೂ ದೂರವಿರಬೇಕು.

ಬೆಳಕಿನಿಂದ ರಕ್ತದ ಪರೀಕ್ಷೆ

ಮೂರನೆಯದು ಶಿಶುವಿನ ಪಾದಕ್ಕೆ ತೊಡಿಸುವ ಕಾಲುಚೀಲ. ಇದರ ಮೂಲತತ್ತ್ವವನ್ನು 1974ರಲ್ಲಿ ಪ್ರಕಟಿಸಿದವನು ಜಪಾನಿನ ಟಕುವೊ ಅಯೊಯಾಗಿ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೋಮೀಟರಿನ ಅವಕೆಂಪು ಕಿರಣವನ್ನೂ ಚರ್ಮದ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಅಂಶವನ್ನು ಮಾತ್ರ ಹೋಲಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತಿಳಿಯುತ್ತದೆ. ಅಲುಗಾಟಕ್ಕಿಂತ ಇದು ನಿಜಸ್ಥಿತಿಗೆ ಹತ್ತಿರವಾದ ಅಳತೆ. ಅಲ್ಲದೆ ಪ್ರತಿ ಶಿಶುವಿಗೂ ಬೇರೆ ಬೇರೆ ಚೀಲವಿರುವುದರಿಂದ ಒಬ್ಬರ ಅಳತೆ ಇನ್ನೊಬ್ಬರದರೊಡನೆ ಬೆರೆಯುವುದಿಲ್ಲ.

ಹಾಗೆಂದು ಮನೆಬಳಕೆಗೆ ಮಾರುವ ಎಲ್ಲವೂ ಆಸ್ಪತ್ರೆಯ ಉಪಕರಣಕ್ಕೆ ಸಮಾನವಲ್ಲ. 2018ರಲ್ಲಿ ವೈದ್ಯರು ಇಂತಹ ಎರಡು ಸಾಧನಗಳನ್ನು ಆಸ್ಪತ್ರೆಯ ಯಂತ್ರದೊಡನೆ ಹೋಲಿಸಿದರು. ಒಂದು, ಆಮ್ಲಜನಕ ಕಡಮೆಯಾದುದನ್ನು ಕೆಲವೊಮ್ಮೆ ಗುರುತಿಸಿತು, ಕೆಲವೊಮ್ಮೆ ತಪ್ಪಿತು. ಇನ್ನೊಂದು ಗುರುತಿಸಲೇ ಇಲ್ಲ. ಚರ್ಮದ ಬಣ್ಣವೂ ಬೆಳಕನ್ನು ಹೀರುವುದರಿಂದ, ಕಪ್ಪು ವರ್ಣದವರಲ್ಲಿ ಆಕ್ಸಿಮೀಟರುಗಳು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಂಭವ ಅಧಿಕವೆಂದು 2020ರಲ್ಲಿ ವಯಸ್ಕ ರೋಗಿಗಳ ದಾಖಲೆಗಳಿಂದ ತಿಳಿದುಬಂದಿತು. ನಮ್ಮ ನಾಡಿನವರು ಇದನ್ನು ನೆನಪಿನಲ್ಲಿಡಬೇಕು.

ಸುಳ್ಳು ಗಂಟೆಯ ಗಣಿತ

ಯಂತ್ರ ಹತ್ತು ರಾತ್ರಿಗಳಲ್ಲಿ ಒಮ್ಮೆ ಸುಳ್ಳಾಗಿ ಗಂಟೆ ಬಾರಿಸುವುದೆಂದು ಊಹಿಸೋಣ. ಅದು ಸುಮ್ಮನಿರುವ ಸಂಭಾವ್ಯತೆ 0.9. ಇಬ್ಬರು ಶಿಶುಗಳಿಗೆ ಎರಡು ಯಂತ್ರಗಳಿದ್ದರೆ ಎರಡೂ ಸುಮ್ಮನಿರುವ ಸಂಭಾವ್ಯತೆ 0.9 × 0.9 = 0.81. ಎಂದರೆ ನೂರರಲ್ಲಿ 19 ರಾತ್ರಿಗಳು, ತಿಂಗಳಿಗೆ ಸುಮಾರು ಆರು ರಾತ್ರಿಗಳು, ತಂದೆ ತಾಯಿ ಎದೆ ಹಾರಿ ಎದ್ದು ಓಡಬೇಕು. ಮೊದಲೇ ನಿದ್ರೆಗೆಟ್ಟವರು ಕೊನೆಗೆ ಯಂತ್ರವನ್ನೇ ಆರಿಸಿಬಿಟ್ಟರೆ ಆಶ್ಚರ್ಯವೇನು?

ಎಲ್ಲ ಗಂಟೆಗಳೂ ಯಂತ್ರದ ತಪ್ಪಿನಿಂದಲೇ ಬಾರಿಸುವುದಿಲ್ಲ. ಆರೋಗ್ಯವಂತ ಶಿಶುಗಳೂ ನಿದ್ರೆಯಲ್ಲಿ 5ರಿಂದ 10 ಸೆಕೆಂಡು ಉಸಿರನ್ನು ನಿಲ್ಲಿಸಿ ಮತ್ತೆ ತಾವಾಗಿಯೇ ಉಸಿರಾಡತೊಡಗುವುದುಂಟು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 1079 ಶಿಶುಗಳನ್ನು ಮನೆಗಳಲ್ಲಿಯೇ ಯಂತ್ರಗಳಿಂದ ಗಮನಿಸಿದ್ದರು. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುಗಳಲ್ಲಿಯೂ ನೂರಕ್ಕೆ 40ಕ್ಕೂ ಹೆಚ್ಚು ಮಂದಿ, ಗಂಟೆ ಬಾರಿಸಬೇಕಾದ ಮಿತಿಯನ್ನು ಒಮ್ಮೆಯಾದರೂ ದಾಟಿದ್ದರು.

ಉಸಿರು ತಡೆಯುವುದಕ್ಕೂ ಶಿಶುಗಳ ಹಠಾತ್ ಮರಣಕ್ಕೂ ಸಂಬಂಧವಿದೆಯೆಂಬ ನಂಬಿಕೆ ಬೇರೂರಿದುದು 1972ರಲ್ಲಿ ಸ್ಟೈನ್‌ಷ್ನೈಡರ್ ಎಂಬ ಅಮೆರಿಕದ ವೈದ್ಯನು ಕೇವಲ ಐದು ಶಿಶುಗಳನ್ನು ಕುರಿತು ಬರೆದ ಲೇಖನದಿಂದ. ಆ ಐವರಲ್ಲಿ ಮರಣ ಹೊಂದಿದವರು ಇಬ್ಬರು, ಒಂದೇ ಮನೆಯ ಮಕ್ಕಳು. ಅವರನ್ನು ತಾಯಿಯೇ ಕೊಂದಳೆಂದು 1995ರಲ್ಲಿ ನ್ಯಾಯಾಲಯ ನಿರ್ಣಯಿಸಿತು. ಆ ವೇಳೆಗೆ ಸಾವಿರಾರು ಮನೆಗಳಲ್ಲಿ ಯಂತ್ರಗಳು ಗಂಟೆ ಬಾರಿಸುತ್ತಿದ್ದವು. ಸ್ವಲ್ಪ ಪುರಾವೆಯ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

ವಾಸ್ತವವಾಗಿ ಪ್ರಾಣಗಳನ್ನು ಉಳಿಸಿದುದು ಬೆಲೆಯಿಲ್ಲದ ಒಂದು ಉಪಾಯ. ಶಿಶುಗಳನ್ನು ಬೋರಲಾಗಿ ಮಲಗಿಸಬಾರದೆಂದು ಅಮೆರಿಕದ ವೈದ್ಯರು 1992ರಲ್ಲಿ ಸಾರಿದರು; ಅಂಗಾತ ಮಲಗಿಸುವ ಪ್ರಚಾರ 1994ರಲ್ಲಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಹಠಾತ್ ಮರಣಗಳು ಅರ್ಧಕ್ಕಿಂತ ಕಡಮೆಯಾದವು.

ಹಾಗಾದರೆ ಕೊಳ್ಳುವುದೇನು?

ಆರೋಗ್ಯವಾಗಿರುವ ಅವಳಿಗಳಿಗೆ ಮೊದಲು ಬೇಕಾದುದು ಎರಡು ಗಟ್ಟಿಯಾದ, ಸಮತಟ್ಟಾದ ಹಾಸಿಗೆಗಳು. ತಂದೆ ತಾಯಿಯರ ಕೋಣೆಯಲ್ಲಿಯೇ ಅವುಗಳಿಗೆ ಸ್ಥಳ. ದಿಂಬಿಲ್ಲದೆ, ಹೊದಿಕೆಗಳ ರಾಶಿಯಿಲ್ಲದೆ, ಅಂಗಾತ ನಿದ್ರೆ. ಹಗಲು ಅಡಿಗೆಮನೆಯಲ್ಲೋ ಹಿತ್ತಲಿನಲ್ಲೋ ಕೆಲಸವಿರುವವರಿಗೆ ಸದ್ದನ್ನು ಕೇಳಿಸುವ ಒಂದು ಯಂತ್ರ ಉಪಯುಕ್ತ. ವಿದ್ಯುತ್ತು ಹೋದಾಗಲೂ ನಡೆಯುವಂತೆ ಅದರಲ್ಲಿ ಬ್ಯಾಟರಿಯಿರಲಿ. ಉಸಿರಾಟದ ಯಂತ್ರವನ್ನು ಹಠಾತ್ ಮರಣವನ್ನು ತಡೆಯುವ ಉಪಾಯವೆಂದು ಕೊಳ್ಳಬಾರದು. ದಿನ ತುಂಬದ ಅಥವಾ ಅಸ್ವಸ್ಥವಾದ ಶಿಶುವಿಗೆ ವೈದ್ಯರೇ ಬೇಕೆಂದು ಹೇಳಿದರೆ, ಅವರು ಸೂಚಿಸಿದ ಉಪಕರಣವನ್ನೇ, ಪ್ರತಿ ಶಿಶುವಿಗೂ ಒಂದರಂತೆ ತರಬೇಕು.

ಗಂಟೆ ಬಾರಿಸಿದಾಗ ಮೊದಲು ನೋಡಬೇಕಾದುದು ಶಿಶುವನ್ನು, ಯಂತ್ರವನ್ನಲ್ಲ. ತುಟಿಯ ಬಣ್ಣವೇನು? ಎದೆ ಏರಿಳಿಯುತ್ತಿದೆಯೇ? ಅಂಗಾಲನ್ನು ಸವರಿದರೆ ಅಲುಗುವುದೇ? ಅಲುಗದಿದ್ದರೆ ಒಬ್ಬರು ಕೃತಕ ಉಸಿರಾಟವನ್ನು ಆರಂಭಿಸಬೇಕು, ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಆ ಕ್ರಮವನ್ನು ಆಸ್ಪತ್ರೆಯಿಂದ ಮನೆಗೆ ಬರುವ ಮುನ್ನವೇ ದಾದಿಯರಿಂದ ಕಲಿತು ಬರುವುದು, ಯಾವ ಯಂತ್ರವನ್ನು ಕೊಳ್ಳುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.