ಮಂಗನ ಕಾಯಿಲೆ ಮತ್ತು ಹಟ್ಟಿಯ ಉಣುಗು

ಬೆಳ್ತಂಗಡಿಯ ಹಿರಿಯ ಸದಸ್ಯರು 1982-83ನೇ ಇಸವಿಯನ್ನು ಮರೆತಿರಲಾರರು. ನಿಡ್ಲೆ ಪರಿಸರದಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೇ ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋದವರು ಜ್ವರದಿಂದ ಮಲಗಿದರು, ಹಲವರು ತೀರಿಕೊಂಡರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್ ಇದೇ.

ಹೆಸರು ಮಂಗನದ್ದಾದರೂ ರೋಗ ಹರಡುವುದು ಉಣುಗು. ರೋಗ ತಗಲಿದ ಮಂಗ ಸತ್ತರೆ ಅದರ ಮೈಯಿಂದ ಉದುರಿದ ಮರಿ ಉಣುಗುಗಳು ದರಗಿನಲ್ಲಿದ್ದು ಮನುಷ್ಯರನ್ನು ಕಚ್ಚುತ್ತವೆ. ಹೈನುಗಾರರು ಗಮನಿಸಬೇಕಾದ ವಿಷಯವೆಂದರೆ, ಬೆಳೆದ ಉಣುಗಿಗೆ ದನವೇ ಆಹಾರ. ದನ ಈ ಕಾಯಿಲೆಯಿಂದ ನರಳುವುದಿಲ್ಲ. ಹಾಲಿನಿಂದ ಹರಡಿದ ದಾಖಲೆಯೂ ಇಲ್ಲ. ಆದರೆ ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಉದುರುವ ಒಂದೊಂದು ಹೆಣ್ಣು ಉಣುಗೂ ರಾಶಿ ಮೊಟ್ಟೆ ಇಡುತ್ತದೆ. ಅರಿಯದೆ ನಾವೇ ಅವುಗಳನ್ನು ಸಾಕಿದಂತಾಯಿತು.

ನವೆಂಬರಿನಿಂದ ಮೇ ತನಕ ಇದರ ಕಾಲ. ಹಟ್ಟಿಗೆ ದರಗು ತರುವ ಕಾಲವೂ ಅದೇ. ಮಂಗ ಸತ್ತ ಜಾಗದಲ್ಲಿ ದನ ಬಿಡಬೇಡಿ, ದರಗು ಗುಡಿಸಬೇಡಿ. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ದನದ ಮೈಯ ಉಣುಗಿಗೆ ಪಶುವೈದ್ಯರು ಸೂಚಿಸಿದ ಔಷಧವನ್ನೇ ಹಚ್ಚಿ. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮ ಸಾಲದೆ ನಿಂತುಹೋಗಿದೆ. ಬಂಟ್ವಾಳ, ಮೂಡುಬಿದಿರೆಯ ಕಾಡಂಚಿನವರೂ ಜ್ವರ, ತಲೆನೋವು, ಮೈಕೈ ನೋವು ಬಂದಾಗ ಕಾಡಿಗೆ ಹೋಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.