ಬುದ್ಧಿ ಹೇಳುವವರಲ್ಲ, ಕೇಳಿಸಿಕೊಳ್ಳುವವರು

ಹೋದ ವರ್ಷ ಒಂದು ಭಾನುವಾರ, ಕನ್ನಡ ಸಂಘದಲ್ಲಿ ಪರಿಚಯವಾದ ಹಿರಿಯರೊಬ್ಬರನ್ನು ಇಲ್ಲಿನ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅವರ ಮಗ ಅಲ್ಲಿ ದಾಖಲಾಗಿದ್ದ. ಆ ತಾಯಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅವರ ಮಾತನ್ನು ದಾಟಿಸುವುದು ನನ್ನ ಕೆಲಸವಾಗಿತ್ತು. "ಅವನಿಗೆ ನಾಲ್ಕು ಬುದ್ಧಿಮಾತು ಗಟ್ಟಿಯಾಗಿ ಹೇಳೋಕೆ ಹೇಳಮ್ಮ" ಎಂದರು. ಹೇಳಿದೆ. ಅಲ್ಲಿನ ಆಪ್ತಸಮಾಲೋಚಕಿ ಮೆಲ್ಲಗೆ, "ಬುದ್ಧಿಮಾತು ಅವರಿಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ನಾನಿರುವುದು ಕೇಳಿಸಿಕೊಳ್ಳುವುದಕ್ಕೆ" ಎಂದರು.

ತಾಯಿ ಮಗ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಆಪ್ತಸಮಾಲೋಚಕರು ಅಲ್ಲಿ ಮಾಡುವ ಕೆಲಸವೇನು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಅಲ್ಲೇ ಉಳಿದು ಪಡೆಯುವ ಚಿಕಿತ್ಸೆಯಲ್ಲಿ ಮೊದಲ ಕೆಲವು ದಿನ ವೈದ್ಯರದು, ದಾದಿಯರದು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ದಯವಿಟ್ಟು ಯಾರನ್ನೂ ಮನೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ಹೋಗಬೇಡಿ.

ದೇಹ ಸ್ವಲ್ಪ ಸುಧಾರಿಸಿದ ಮೇಲೆ ಆಪ್ತಸಮಾಲೋಚಕರ ಪಾತ್ರ ದೊಡ್ಡದಾಗುತ್ತದೆ. ಏನು, ಎಷ್ಟು, ಎಂದಿನಿಂದ ಎಂದು ವಿಚಾರಿಸುತ್ತಾರೆ. ಜೊತೆಗೆ ನಿದ್ದೆ, ಕೆಲಸ, ಸಾಲ, ಮನೆಯವರು, ಮನಸ್ಸಿನಲ್ಲಿ ಉಳಿದ ದುಃಖ ಎಲ್ಲವನ್ನೂ ಕೇಳುತ್ತಾರೆ. ರೋಗಿಯ ಜೊತೆ ಕೂತು ಚಿಕಿತ್ಸೆಯ ಯೋಜನೆ ಬರೆಯುತ್ತಾರೆ. ದಿನವೂ ಗುಂಪಿನ ಮಾತುಕತೆ, ನಡುನಡುವೆ ಒಬ್ಬೊಬ್ಬರ ಜೊತೆ ಪ್ರತ್ಯೇಕ ಮಾತು. ಸಂಜೆ ಎಲ್ಲವನ್ನೂ ದಾಖಲಿಸಬೇಕು. ಇನ್ನಷ್ಟು ದಿನ ಏಕೆ ಬೇಕೆಂದು ವಿಮಾ ಕಂಪನಿಗೆ ವಿವರ ಕೊಡಬೇಕು.

"ಬಿಟ್ಟುಬಿಡು" ಎನ್ನುವುದು ಅವರ ದಾರಿಯಲ್ಲ. "ಕುಡಿತದಿಂದ ನಿಮಗೆ ಏನು ಸಿಗುತ್ತಿತ್ತು? ಏನು ಹೋಯಿತು?" ಎಂದು ಕೇಳುತ್ತಾರೆ. ಬಿಡಬೇಕೆಂಬ ಮಾತು ರೋಗಿಯ ಬಾಯಿಂದಲೇ ಬರಲೆಂದು ಕಾಯುತ್ತಾರೆ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದ ಈ ಕ್ರಮ ಇಂದು ಎಷ್ಟೋ ಕಡೆ ಬಳಕೆಯಲ್ಲಿದೆ.

ನಾವಿರುವ ಮಿನ್ನೆಸೋಟಾಕ್ಕೂ ಈ ವೃತ್ತಿಗೂ ಹಳೆಯ ನಂಟಿದೆ. 1950ರ ದಶಕದಲ್ಲಿ ಇಲ್ಲಿನ ವಿಲ್ಮರ್ ಸರ್ಕಾರಿ ಆಸ್ಪತ್ರೆಯಲ್ಲಿ, ಕುಡಿತದಿಂದ ಹೊರಬಂದವರನ್ನೇ ವೈದ್ಯರ ಪಕ್ಕದಲ್ಲಿ ಸಮಾಲೋಚಕರಾಗಿ ಕೂರಿಸಿದರು. "ಇದು ನನಗೂ ಆಗಿತ್ತು" ಎನ್ನುವವರ ಎದುರು ರೋಗಿಗೆ ನಾಚಿಕೆ ಕಡಿಮೆಯಾಗುತ್ತದಲ್ಲವೇ? ಇಂದು ಈ ಕೆಲಸಕ್ಕೆ ಓದು, ತರಬೇತಿ, ರಾಜ್ಯದ ಪರವಾನಗಿ ಎಲ್ಲ ಬೇಕು.

ನಮ್ಮವರು ಅಲ್ಲಿಗೆ ಹೋಗಲು ಹಿಂಜರಿಯುವುದು "ನಾಲ್ಕು ಜನಕ್ಕೆ ಗೊತ್ತಾದರೆ?" ಎಂಬ ಭಯದಿಂದ. ಆದರೆ ಇಂಥ ಚಿಕಿತ್ಸೆಯ ಗುಟ್ಟು ಕಾಪಾಡಲು ಅಮೆರಿಕದಲ್ಲಿ 1970ರ ದಶಕದಿಂದಲೇ ಪ್ರತ್ಯೇಕ ಕಾನೂನಿದೆ. ವೈದ್ಯಕೀಯ ತುರ್ತಿನಂಥ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಆತ ಅಲ್ಲಿದ್ದಾನೆ ಎಂದು ಕೂಡ ಹೇಳುವಂತಿಲ್ಲ. ಈ ತಾಯಿ ಮೊದಲು ಫೋನ್ ಮಾಡಿದಾಗಲೂ ಅದೇ ಉತ್ತರ ಬಂದಿತ್ತು. "ಹೆತ್ತವಳಿಗೂ ಹೇಳೋದಿಲ್ವಂತೆ" ಎಂದು ಅತ್ತಿದ್ದರು. ಮಗ ಸಹಿ ಹಾಕಿದ ಮೇಲಷ್ಟೇ ಅವರನ್ನು ಕರೆದರು. ಹೊರಗೆ ಗೊತ್ತಾಗುವುದಿಲ್ಲ ಎಂಬ ಆ ಧೈರ್ಯವೇ ಎಷ್ಟೋ ಜನರನ್ನು ಒಳಗೆ ಕರೆತರುತ್ತದೆ.

ಮನೆಗೆ ಬಂದಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಹೆರಾಯಿನ್, ಫೆಂಟನಿಲ್, ಕೆಲವು ನೋವಿನ ಮಾತ್ರೆಗಳಂಥ ಓಪಿಯಾಯ್ಡ್‌ಗಳ ವ್ಯಸನವಿದ್ದವರಿಗೆ ಬಿಟ್ಟ ನಂತರದ ದಿನಗಳು ಬಹಳ ಅಪಾಯದವು. ದೇಹದ ತಾಳಿಕೆ ಕುಗ್ಗಿರುತ್ತದೆ. ಮೊದಲು ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ಅದಕ್ಕೇ ಬಿಡುಗಡೆಗೆ ಮುಂಚೆಯೇ ಮುಂದಿನ ಭೇಟಿ ಎಲ್ಲಿ, ಆಸೆ ಕೆರಳಿದರೆ ಯಾರಿಗೆ ಫೋನ್ ಎಂದು ಆಪ್ತಸಮಾಲೋಚಕರು ಬರೆದು ಕೊಡುತ್ತಾರೆ. ಬ್ಯುಪ್ರಿನಾರ್ಫಿನ್, ಮೆಥಡೋನ್‌ನಂಥ ಔಷಧ ಮುಂದುವರಿಸಲು ವೈದ್ಯರು ಹೇಳಿದ್ದರೆ "ಇದೂ ಒಂದು ಚಟ" ಎಂದು ನಿಲ್ಲಿಸಬೇಡಿ. ಓಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುತ್ತಿದ್ದರೆ ಅದನ್ನು ಮರಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇಗೆ 2023ರಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ ಸಿಕ್ಕಿದೆ. ಒಂದು ಮನೆಯಲ್ಲಿರಲಿ. ಸ್ಪ್ರೇ ಕೊಟ್ಟ ಮೇಲೂ 911ಕ್ಕೆ ಕರೆ ಮಾಡಲೇಬೇಕು.

ಮತ್ತೆ ಜಾರಿದರೆ? ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ನಾವು ಬೈದು ಹೊರಗೆ ಹಾಕುತ್ತೇವೆಯೇ? ಮತ್ತೆ ವೈದ್ಯರ ಬಳಿ ಕರೆದೊಯ್ಯುತ್ತೇವೆ. ಇಲ್ಲಿಯೂ ಹಾಗೆಯೇ.

ಅಂದು ಹೊರಡುವಾಗ ಆ ತಾಯಿ, "ಅವನು ಮನೆಗೆ ಬಂದಾಗ ನಾನೇನು ಮಾಡಲಿ?" ಎಂದು ಕೇಳಿದರು. "ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ತೆಗೆಸಿ. ಊಟಕ್ಕೆ ಜೊತೆಯಲ್ಲಿ ಕೂತ್ಕೊಳ್ಳಿ. ಅವರು ಮಾತಾಡಿದರೆ ಪೂರ್ತಿ ಕೇಳಿ" ಎಂದರು ಆಪ್ತಸಮಾಲೋಚಕಿ. ಕಾರಿನಲ್ಲಿ ಆಂಟಿ ಅದನ್ನು ನನ್ನಿಂದ ಮತ್ತೆ ಹೇಳಿಸಿಕೊಂಡರು.

ನಿಮ್ಮ ಮನೆಯಲ್ಲೋ ಸ್ನೇಹಿತರಲ್ಲೋ ಇಂಥ ಕಷ್ಟವಿದ್ದರೆ, ಅಮೆರಿಕದಲ್ಲಿರುವವರು 1-800-662-4357ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಇದು ಸರ್ಕಾರದ ಸಹಾಯವಾಣಿ. ಹಣ ಕೊಡಬೇಕಿಲ್ಲ, ಗುಟ್ಟು ಹೊರಗೆ ಹೋಗುವುದಿಲ್ಲ. ಮನೆಯವರೂ ಕೇಳಬಹುದು.